'ಮಾಷಾ ಅಲ್ಲಾಹ್' ಎಂದರೆ ಸಾಕೇ?

ನಿಮ್ಮ ತಮ್ಮನೋ, ನೆರೆಮನೆಯ ಹುಡುಗನೋ, ಮಸೀದಿಯಲ್ಲಿ ನಿಮ್ಮ ಪಕ್ಕದಲ್ಲಿ ನಿಂತು ನಮಾಝ್ ಮಾಡುವ ಮಿತ್ರನೋ ತಾನು ಹೊಸದಾಗಿ ಮಾಡಿದ ಒಂದು ಕೆಲಸವನ್ನು ನಿಮ್ಮ ಮುಂದಿಟ್ಟು, "ಸ್ವಲ್ಪ ನೋಡಿ, ಹೇಗಿದೆ ಹೇಳಿ" ಎಂದು ಕೇಳಿದರೆ ನೀವು ಏನು ಹೇಳುತ್ತೀರಿ? ನಮ್ಮಲ್ಲಿ ಹೆಚ್ಚಿನವರ ಉತ್ತರ ಸಿದ್ಧವಾಗಿಯೇ ಇರುತ್ತದೆ: "ಮಾಷಾ ಅಲ್ಲಾಹ್, ಬಹಳ ಚೆನ್ನಾಗಿದೆ." ಕೇಳಿದವನಿಗೂ ಸಂತೋಷ, ಹೇಳಿದವನಿಗೂ ಹೊರೆ ಇಳಿದ ನೆಮ್ಮದಿ. ಆದರೆ ಆ ಮಾತನ್ನು ಹೇಳುವ ಮೊದಲು ನಾವು ಆ ಕೆಲಸವನ್ನು ನಿಜವಾಗಿ ನೋಡಿದೆವೇ? ನೋಡಿದ ಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿದೆವೇ? ಈ ಪ್ರಶ್ನೆಯನ್ನು ನಿಮಗಿಂತ ಮೊದಲು ನನಗೆ ನಾನೇ ಕೇಳಿಕೊಳ್ಳಬೇಕಾದ ಒಂದು ಸಂದರ್ಭ ಬಂತು. ಅದನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

'ಮಾಷಾ ಅಲ್ಲಾಹ್' ಎಂಬುದು ಹಗುರವಾದ ಮಾತಲ್ಲ. ಎಲ್ಲವೂ ಅಲ್ಲಾಹನ ಇಚ್ಛೆಯಂತೆಯೇ ಆಗುತ್ತದೆ ಎಂಬ ದೊಡ್ಡ ಸತ್ಯವನ್ನು ಅದು ಹೊತ್ತಿದೆ. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಇಬ್ಬರು ವ್ಯಕ್ತಿಗಳ ಪ್ರಸಂಗ ಬರುತ್ತದೆ (18:32-44). ಒಬ್ಬನಿಗೆ ದ್ರಾಕ್ಷಿಯ ಎರಡು ತೋಟಗಳಿದ್ದವು. ಸುತ್ತಲೂ ಖರ್ಜೂರದ ಮರಗಳು, ನಡುವೆ ಹೊಲ, ಹರಿಯುವ ಕಾಲುವೆ. ಅವನು ತೋಟದೊಳಗೆ ಕಾಲಿಟ್ಟು, ಇದು ಎಂದೂ ನಾಶವಾಗದು ಎಂದು ಬೀಗಿದ. ಅವನ ಬಡ ಸಂಗಡಿಗ ತಲೆದೂಗಲಿಲ್ಲ. ನಿನ್ನನ್ನು ಮಣ್ಣಿನಿಂದ ಸೃಷ್ಟಿಸಿದವನನ್ನೇ ನಿರಾಕರಿಸುತ್ತೀಯಾ, ತೋಟವನ್ನು ಪ್ರವೇಶಿಸುವಾಗ 'ಮಾಷಾ ಅಲ್ಲಾಹ್' ಎಂದು ನೀನೇಕೆ ಹೇಳಲಿಲ್ಲ ಎಂದು ನೇರವಾಗಿ ಕೇಳಿದ. ಓದುಗರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಪ್ರಸಂಗದಲ್ಲಿ ಆ ಪವಿತ್ರ ಮಾತು ಬಂದಿರುವುದು ತೋಟವನ್ನು ಹೊಗಳುವುದಕ್ಕಲ್ಲ. ದಾರಿ ತಪ್ಪುತ್ತಿರುವ ಸಂಗಡಿಗನನ್ನು ತಿದ್ದುವುದಕ್ಕೆ. ನಾವಾದರೋ ಅದೇ ಮಾತನ್ನು ತಿದ್ದುವ ಹೊಣೆಯಿಂದ ನುಣುಚಿಕೊಳ್ಳಲು ಬಳಸುತ್ತಿದ್ದೇವೆ.

ಒಂದು ಹಾಸಿಗೆ ಅಂಗಡಿ

ಶಿಕಾರಿಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಪಿಂಜಾರರ ಮನೆತನದ ಹುಡುಗ. ಪಿಂಜಾರರು, ಅಂದರೆ ನದಾಫರು, ಹತ್ತಿ ಹಿಂಜಿ, ಹಾಸಿಗೆ ದಿಂಬು ಹೊಲಿದುಕೊಟ್ಟು ತಲೆಮಾರುಗಳಿಂದ ನಮ್ಮ ನಾಡಿನ ಊರೂರುಗಳಲ್ಲಿ ಬದುಕಿದವರು. ಇವನ ಅಜ್ಜ ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿರಾಳಕೊಪ್ಪ, ಆನವಟ್ಟಿ, ಸೊರಬದವರೆಗೂ ಹೋಗಿ ಮನೆಗಳ ಜಗಲಿಯ ಮೇಲೆ ಕೂತು ಕೆಲಸ ಮಾಡುತ್ತಿದ್ದರಂತೆ. ಮನೆಯೊಡತಿಯ ಕಣ್ಣೆದುರೇ ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಮತ್ತೆ ತುಂಬಿ ಹೊಲಿಯುತ್ತಿದ್ದರು. ಒಳಗೆ ಏನು ಸೇರಿತು ಎಂಬುದಕ್ಕೆ ಮನೆಮಂದಿಯೆಲ್ಲ ಸಾಕ್ಷಿ. ತಂದೆಯ ಕಾಲಕ್ಕೆ ಬಿಲ್ಲು ಹೋಗಿ ಯಂತ್ರ ಬಂತು, ಅಂಗಡಿಯಾಯಿತು. ಈಗ ದೊಡ್ಡ ಕಂಪೆನಿಗಳ ಫೋಮ್ ಹಾಸಿಗೆಗಳು ಫೋನಿನಲ್ಲೇ ಬುಕ್ ಆಗಿ ಮನೆ ಬಾಗಿಲಿಗೆ ಬರುತ್ತಿವೆ. ಹತ್ತಿಯ ಹಾಸಿಗೆ ಕೇಳುವವರು ಕಡಿಮೆಯಾದರು.

ಆದ್ದರಿಂದ ಈ ಹುಡುಗ ಅಂಗಡಿಗೊಂದು ವೆಬ್‌ಸೈಟ್ ಮಾಡಲು ಹೊರಟ. ಮಾಡಿಸಲು ಹಣವಿರಲಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ವೀಡಿಯೋಗಳನ್ನು ನೋಡಿ ನೋಡಿ ತಾನೇ ಕಲಿತ. ಒಂದು ಹಳೆಯ ಕಂಪ್ಯೂಟರಿನ ಮುಂದೆ ಮೂರು ತಿಂಗಳು ಕೂತು ಅಂಗಡಿಯ ಹೆಸರು, ಹಾಸಿಗೆಗಳ ಅಳತೆ, ಬೆಲೆ, ಚಿತ್ರ, ಫೋನ್ ಸಂಖ್ಯೆ ಎಲ್ಲವನ್ನೂ ಜೋಡಿಸಿದ. ಕೊನೆಗೊಂದು ದಿನ ಅದರ ವಿಳಾಸವನ್ನು ಬಂಧುಗಳಿಗೂ, ಮಸೀದಿಯ ಮಿತ್ರರಿಗೂ, ತನ್ನ ಅಧ್ಯಾಪಕನಾದ ನನಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, "ಹಝ್ರತ್, ನೋಡಿ ತಪ್ಪಿದ್ದರೆ ತಿಳಿಸಿ, ದುಆ ಮಾಡಿ" ಎಂದು ಕೇಳಿಕೊಂಡ. ಎರಡೇ ದಿನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಉತ್ತರಿಸಿದರು. "ಮಾಷಾ ಅಲ್ಲಾಹ್", "ಸೂಪರ್", "ಅಲ್ಲಾಹನು ಬರಕತ್ ಕೊಡಲಿ", ಹೂವಿನ ಚಿತ್ರ, ಕೈ ಜೋಡಿಸಿದ ಚಿತ್ರ. ಅದರಲ್ಲಿ ನನ್ನ 'ಮಾಷಾ ಅಲ್ಲಾಹ್' ಕೂಡ ಒಂದು. ಹುಡುಗನಿಗೆ ಆನಂದವೋ ಆನಂದ.

ಆದರೆ ವಾರಗಳು ಕಳೆದರೂ ಒಂದು ಕರೆಯೂ ಬರಲಿಲ್ಲ.

ಇಪ್ಪತ್ತು ದಿನಗಳ ನಂತರ ಸೊರಬದಿಂದ ಒಂದು ಕರೆ ಬಂತು. ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು, ಊರವರೆಲ್ಲ ಅಕ್ಕೋರು ಎಂದು ಕರೆಯುವ ಹಿರಿಯ ಹೆಣ್ಣುಮಗಳು. ನಮ್ಮ ಧರ್ಮದವರಲ್ಲ. ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಳು. ಒಂದು ಹತ್ತಿಯ ಹಾಸಿಗೆ ಬೇಕಿತ್ತು. ಹಿಂದೊಮ್ಮೆ ಅಂಗಡಿಯಿಂದ ತಂದ ರಸೀದಿಯ ಮೇಲೆ ವೆಬ್‌ಸೈಟಿನ ವಿಳಾಸವಿತ್ತು. ಫೋನಿನಲ್ಲಿ ತೆರೆದು ನೋಡಿ, ಕರೆ ಮಾಡಿ, "ತಮ್ಮಾ, ನೀನು ಬರೆದಿರುವುದು ಯಾವ ಭಾಷೆ? ನಲವತ್ತು ವರ್ಷ ಮಕ್ಕಳ ಕಾಪಿ ತಿದ್ದಿದವಳು ನಾನು, ಇಂಥ ಅಕ್ಷರ ನೋಡಿಲ್ಲ" ಎಂದರು. ಹುಡುಗ ಗಾಬರಿಯಾಗಿ ತನ್ನ ಕಂಪ್ಯೂಟರಿನಲ್ಲಿ ನೋಡಿದ. ಅಚ್ಚುಕಟ್ಟಾದ ಕನ್ನಡ. ಆಮೇಲೆ ತಂದೆಯ ಫೋನಿನಲ್ಲಿ ತೆರೆದ. ಇಂಗ್ಲಿಷ್ ಅಕ್ಷರಗಳೂ ಅರ್ಥವಿಲ್ಲದ ಚಿಹ್ನೆಗಳೂ ಕಲಸಿಹೋದ ಗೊಜ್ಜು! ಬೆಲೆಯ ಅಂಕಿ ಮತ್ತು ಫೋನ್ ಸಂಖ್ಯೆಯ ಹೊರತು ಓದಲು ಬರುವಂಥದ್ದು ಏನೂ ಇರಲಿಲ್ಲ.

ಕಾರಣ ಸರಳ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿರುತ್ತಾರೆ. ಆ ಅಕ್ಷರಶೈಲಿ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಕಸ. ಯೂನಿಕೋಡ್ ಎಂಬ ಜಾಗತಿಕ ಕ್ರಮ ಹಾಗಲ್ಲ. ಅದರಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಆದ ಸಂಖ್ಯೆಗಳಿವೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಸೇರಿತ್ತು. ಇಂದಿನ ಫೋನುಗಳೆಲ್ಲ ಓದುವುದು ಅದನ್ನೇ. ಹುಡುಗ ಅಂಗಡಿಯ ಕರಪತ್ರಕ್ಕೆಂದು ಡಿಟಿಪಿಯವರು ಹಳೆಯ ಕ್ರಮದಲ್ಲಿ ಟೈಪ್ ಮಾಡಿದ್ದನ್ನು ತಂದು ಹಾಗೆಯೇ ಅಂಟಿಸಿದ್ದ. ಆ ಅಕ್ಷರಶೈಲಿ ಅವನ ಕಂಪ್ಯೂಟರಿನಲ್ಲಿತ್ತು. ಆದುದರಿಂದ ಇಡೀ ಜಗತ್ತಿನಲ್ಲಿ ತಪ್ಪು ಕಾಣದೇ ಇದ್ದದ್ದು ಅವನೊಬ್ಬನಿಗೆ ಮಾತ್ರ.

ಓದುಗರೇ, ಈಗ ಯೋಚಿಸಿ. ಹಾಗಾದರೆ ಆ ಇಪ್ಪತ್ತಕ್ಕೂ ಹೆಚ್ಚು ಜನ ಏನನ್ನು ನೋಡಿ ಹೊಗಳಿದರು? ಯಾರೊಬ್ಬರೂ ಅದನ್ನು ತೆರೆದಿರಲಿಲ್ಲ. ತೆರೆದಿದ್ದರೆ ಮೊದಲ ಸಾಲಿನಲ್ಲೇ ತಿಳಿಯುತ್ತಿತ್ತು. ನಾನೂ ತೆರೆದಿರಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು, ಬಸ್ಸು ಬಂತೋ ಎಂದು ನೋಡುತ್ತಾ, ಒಂದು ಬೆರಳಿನಿಂದ 'ಮಾಷಾ ಅಲ್ಲಾಹ್' ಎಂದು ಒತ್ತಿದ್ದೆ. ಅಕ್ಷರ ಕಲಿಸಿದ ಅಧ್ಯಾಪಕ ನಾನು. ಶಿಷ್ಯನ ಅಕ್ಷರವನ್ನು ನೋಡದೆಯೇ ಚೆನ್ನಾಗಿದೆ ಎಂದು ಸಾಕ್ಷಿ ಹೇಳಿದ್ದೆ. ತಿಳಿಯದ ವಿಷಯದ ಬೆನ್ನು ಹತ್ತಬೇಡ, ಕಿವಿ, ಕಣ್ಣು, ಹೃದಯ ಇವೆಲ್ಲವನ್ನೂ ವಿಚಾರಿಸಲಾಗುವುದು ಎಂಬ ಅರ್ಥದ ಎಚ್ಚರಿಕೆ ಕುರ್‌ಆನಿನಲ್ಲಿದೆ (17:36). ಅದನ್ನು ಮಕ್ಕಳಿಗೆ ನಾನೇ ಎಷ್ಟು ಬಾರಿ ಪಾಠ ಮಾಡಿದ್ದೇನೆ! ಆ ರಾತ್ರಿ ನನಗೆ ನನ್ನ ಬಗ್ಗೆಯೇ ನಾಚಿಕೆಯಾಯಿತು.

ಧರ್ಮವೆಂದರೆ ಹಿತಾಕಾಂಕ್ಷೆ

ಹ. ತಮೀಮ್ ದಾರಿ(ರ) ವರದಿ ಮಾಡಿದ, ಸಹೀಹ್ ಮುಸ್ಲಿಮ್‌ನಲ್ಲಿರುವ ಪ್ರಸಿದ್ಧ ಹದೀಸ್‌ನಲ್ಲಿ ಪ್ರವಾದಿವರ್ಯರು(ಸ) ಧರ್ಮವನ್ನು ಒಂದೇ ಪದದಲ್ಲಿ ವಿವರಿಸಿದ್ದಾರೆ. ಆ ಪದ ನಸೀಹತ್. ಯಾರ ಕುರಿತು ಎಂದು ಕೇಳಿದಾಗ ಅಲ್ಲಾಹನು, ಅವನ ಗ್ರಂಥ, ಅವನ ಸಂದೇಶವಾಹಕರು, ಮುಸ್ಲಿಮರ ನಾಯಕರು ಹಾಗೂ ಜನಸಾಮಾನ್ಯರನ್ನು ಹೆಸರಿಸಿದರು. ನಸೀಹತ್ ಎಂದರೆ ಬರಿಯ ಉಪದೇಶವೆಂದು ನಾವು ತಿಳಿದಿದ್ದೇವೆ. ಅರಬಿ ಭಾಷೆಯಲ್ಲಿ ಆ ಧಾತುವಿಗೆ ಎರಡು ಸುಂದರ ಬಳಕೆಗಳಿವೆ. ಒಂದು, ಜೇನಿನಿಂದ ಮೇಣವನ್ನು ಬೇರ್ಪಡಿಸಿ ಶುದ್ಧಗೊಳಿಸುವುದು. ಇನ್ನೊಂದು, ಬಟ್ಟೆಯನ್ನು ಹೊಲಿಯುವುದು. ಅಂದರೆ ನಸೀಹತ್ ಮಾಡುವವನ ಮಾತಿನಲ್ಲಿ ಸ್ವಾರ್ಥದ ಮೇಣವಿರಬಾರದು. ಅವನ ಮಾತು ಹರಿದದ್ದನ್ನು ಹೊಲಿಯಬೇಕೇ ಹೊರತು ಇನ್ನಷ್ಟು ಹರಿಯಬಾರದು. ಸೂಜಿ ಚುಚ್ಚದೆ ಹೊಲಿಗೆಯಾಗದು ಎಂಬುದೂ ನಿಜ. ಆದರೆ ಚುಚ್ಚುವುದೇ ಸೂಜಿಯ ಉದ್ದೇಶವಲ್ಲ.

ಹ. ಜರೀರ್ ಬಿನ್ ಅಬ್ದುಲ್ಲಾಹ್(ರ) ಅವರು ಪ್ರವಾದಿವರ್ಯರಿಗೆ(ಸ) ಪ್ರತಿಜ್ಞೆ ಮಾಡಿದಾಗ ನಮಾಝ್ ಮತ್ತು ಝಕಾತ್‌ಗಳ ಜೊತೆಗೆ ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವುದನ್ನೂ ಸೇರಿಸಿದ್ದರು. ನಮಾಝ್‌ಗೆ ತಡವಾದರೆ ನಮ್ಮ ಮನಸ್ಸು ಕಸಿವಿಸಿಗೊಳ್ಳುತ್ತದೆ. ಸಹೋದರನೊಬ್ಬ ಅಭಿಪ್ರಾಯ ಕೇಳಿದಾಗ ನೋಡದೆ ಉತ್ತರಿಸಿದರೆ ಏನೂ ಅನಿಸುವುದಿಲ್ಲ. ಎರಡೂ ಒಂದೇ ಪ್ರತಿಜ್ಞೆಯ ಭಾಗಗಳೆಂಬುದನ್ನು ನಾವು ಮರೆತಿದ್ದೇವೆ. ಸತ್ಯವಿಶ್ವಾಸಿಯು ಸತ್ಯವಿಶ್ವಾಸಿಗೆ ಕನ್ನಡಿ ಎಂಬ ಆಶಯದ ಹದೀಸ್ ಅಬೂ ದಾವೂದ್‌ನಲ್ಲಿದೆ. ಮುಖದ ಮಸಿಯನ್ನು ಕನ್ನಡಿ ಮುಚ್ಚಿಡುವುದಿಲ್ಲ. ಇಲ್ಲದ ಮಸಿಯನ್ನು ಸೇರಿಸುವುದೂ ಇಲ್ಲ. ಇವರ ಮುಖದ ಮಸಿಯನ್ನು ಮುಂದೆ ನಿಂತ ಇನ್ನೊಬ್ಬರಿಗೆ ತೋರಿಸುವುದೂ ಇಲ್ಲ.

ಪ್ರವಾದಿವರ್ಯರು(ಸ) ತಿದ್ದಿದ ಬಗೆ

ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಒಬ್ಬ ವ್ಯಕ್ತಿ ಮಸೀದಿಗೆ ಬಂದು ಅವಸರದಲ್ಲಿ ನಮಾಝ್ ಮುಗಿಸಿ ಪ್ರವಾದಿವರ್ಯರಿಗೆ(ಸ) ಸಲಾಮ್ ಹೇಳಿದ. ಅವರು ಸಲಾಮ್‌ಗೆ ಉತ್ತರಿಸಿ, ಹೋಗಿ ಮತ್ತೆ ನಮಾಝ್ ಮಾಡು, ನೀನು ನಮಾಝ್ ಮಾಡಿಲ್ಲ ಎಂದರು. ಹೀಗೆ ಮೂರು ಬಾರಿ ಆಯಿತು. ಕೊನೆಗೆ ಆತ, ಇದಕ್ಕಿಂತ ಚೆನ್ನಾಗಿ ನನಗೆ ಬಾರದು, ಕಲಿಸಿಕೊಡಿ ಎಂದು ವಿನಂತಿಸಿದ. ಆಗ ಅವರು ನಿಲ್ಲುವುದು, ಬಾಗುವುದು, ಸಾಷ್ಟಾಂಗ ಮಾಡುವುದು ಎಲ್ಲವನ್ನೂ ಒಂದೊಂದಾಗಿ ಸಮಾಧಾನದಿಂದ ಹೇಳಿಕೊಟ್ಟರು. ಇಲ್ಲಿ ಎರಡು ಕಡೆಯವರಿಗೂ ಪಾಠವಿದೆ. ಪ್ರವಾದಿವರ್ಯರು(ಸ) ಮೊದಲು ಗಮನವಿಟ್ಟು ನೋಡಿದರು, ನಂತರ ಹೇಳಿದರು. ತಪ್ಪನ್ನು ತೋರಿಸಿ ಕೈಬಿಡಲಿಲ್ಲ, ಸರಿಯಾದುದನ್ನು ಕಲಿಸಿದರು. ಆ ವ್ಯಕ್ತಿಯಾದರೋ ಮೂರು ಬಾರಿ ಹಿಂದಿರುಗಿಸಿದರೂ ಮುನಿಸಿಕೊಂಡು ಹೋಗಲಿಲ್ಲ.

ಇನ್ನೊಂದು ನಿದರ್ಶನ. ಹ. ಅಬ್ದುಲ್ಲಾ ಬಿನ್ ಉಮರ್(ರ) ಆಗ ಯುವಕ. ಪ್ರವಾದಿವರ್ಯರು(ಸ) ಅವರ ಕುರಿತು, ಅವನೊಬ್ಬ ಒಳ್ಳೆಯ ಮನುಷ್ಯ, ರಾತ್ರಿಯ ನಮಾಝನ್ನೂ ಮಾಡುತ್ತಿದ್ದರೆ ಎಷ್ಟು ಚೆನ್ನಾಗಿತ್ತು ಎಂಬರ್ಥದ ಮಾತನ್ನು ಆತನ ಸೋದರಿ ಹ. ಹಫ್ಸಾ(ರ) ಅವರಲ್ಲಿ ಹೇಳಿದರು. ಆ ಮೇಲೆ ಅವರು ರಾತ್ರಿಯಲ್ಲಿ ಸ್ವಲ್ಪವೇ ಮಲಗುತ್ತಿದ್ದರೆಂದು ಬುಖಾರಿಯಲ್ಲಿದೆ. ಆ ಹೊಗಳಿಕೆ ಸತ್ಯ, ಆ ಕೊರತೆಯೂ ಸತ್ಯ. ಎರಡೂ ಒಂದೇ ಮಾತಿನಲ್ಲಿ, ಮನೆಯವರ ಮೂಲಕ, ಮೃದುವಾಗಿ. ಒಂದು ಮಾತು ಒಬ್ಬ ಯುವಕನ ಇಡೀ ಬಾಳಿನ ರಾತ್ರಿಗಳನ್ನು ಬದಲಿಸಿತು.

ಫಿರ್‌ಔನ್‌ನಂತಹ ಕ್ರೂರಿಯ ಬಳಿಗೆ ಹೋಗುವಾಗಲೂ ಮೃದುವಾಗಿ ಮಾತನಾಡಬೇಕೆಂದು ಹ. ಮೂಸಾ(ಅ) ಮತ್ತು ಹಾರೂನ್(ಅ) ಅವರಿಗೆ ಆದೇಶವಿತ್ತು (20:44). ನಮ್ಮ ಹುಡುಗ ಫಿರ್‌ಔನ್ ಅಲ್ಲ, ನಾವು ಮೂಸಾ ಅಲ್ಲ. ಹಾಗಿರುವಾಗ ಇನ್ನೂರು ಜನರಿರುವ ವಾಟ್ಸ್‌ಆ್ಯಪ್ ಗುಂಪಿನಲ್ಲಿ, "ಇದೇನು ಮಾಡಿದ್ದೀಯ, ಬರದಿದ್ದರೆ ಬಿಡಬೇಕು" ಎಂದು ಬರೆಯುವುದು ನಸೀಹತ್ ಆಗುವುದೇ? ಅದು ಅವಮಾನ. ನೋಡದೆ ಹೊಗಳುವುದು ಒಂದು ತಪ್ಪು. ನೋಡಿ ಹತ್ತು ಜನರ ಮುಂದೆ ಹಳಿಯುವುದು ಇನ್ನೊಂದು. ಅವನಿಗೆ ಹೇಳದೆ ಬೇರೆಯವರಲ್ಲಿ ಹೇಳಿ ನಗುವುದು ಮೂರನೆಯದು, ಅದಕ್ಕೆ ಗೀಬತ್ ಎಂದು ಹೆಸರು. ನಸೀಹತ್‌ನ ದಾರಿ ಈ ಮೂರಕ್ಕಿಂತ ಬೇರೆ. ಅದು ಒಬ್ಬನಿಂದ ಒಬ್ಬನಿಗೆ ಹೋಗುವ ಮಾತು.

ರಾಶಿಯೊಳಗೆ ಕೈ

ಅಕ್ಕೋರು ಅಕ್ಷರದ ತಪ್ಪನ್ನಷ್ಟೇ ಹೇಳಿ ಬಿಡಲಿಲ್ಲ. ಇನ್ನೂ ಎರಡು ಪ್ರಶ್ನೆ ಕೇಳಿದರು: "ಚಿತ್ರದಲ್ಲಿರುವ ಹಾಸಿಗೆ ನಿಮ್ಮ ಅಂಗಡಿಯದೇ? ಬರೆದಿರುವ ಬೆಲೆಗೇ ಸೊರಬಕ್ಕೆ ತಲುಪಿಸುತ್ತೀಯಾ?" ಹುಡುಗ ತೊದಲಿದ. ಚಿತ್ರವನ್ನು ಇಂಟರ್‌ನೆಟ್ಟಿನಿಂದ ತೆಗೆದುಕೊಂಡಿದ್ದ. ಯಾವುದೋ ದೇಶದ, ಯಾವುದೋ ಕಂಪೆನಿಯ ಹಾಸಿಗೆ ಅದು. ಸಾಗಾಣಿಕೆಯ ವೆಚ್ಚವನ್ನು ಎಲ್ಲಿಯೂ ಬರೆದಿರಲಿಲ್ಲ. ಮೋಸ ಮಾಡಬೇಕೆಂಬ ಉದ್ದೇಶ ಅವನಿಗಿರಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರೆಂದು ತಾನೂ ಮಾಡಿದ್ದ.

ಪ್ರವಾದಿವರ್ಯರು(ಸ) ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಾಗಿತು. ಇದೇನೆಂದು ಕೇಳಿದಾಗ, ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ವಂಚಿಸುವವನು ನನ್ನವನಲ್ಲ ಎಂದು ಎಚ್ಚರಿಸಿದರು. ಹ. ಅಬೂ ಹುರೈರಾ(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆ ಬಂದದ್ದು ಆತನ ತಪ್ಪಲ್ಲ, ತೇವವನ್ನು ಕೆಳಗಿಟ್ಟದ್ದು ತಪ್ಪು. ಧಾನ್ಯದ ರಾಶಿಯೊಳಗೆ ಕೈ ಹಾಕಬಹುದು. ಹಾಸಿಗೆಯನ್ನು ಬಿಚ್ಚಿ ನೋಡಬಹುದು. ವೆಬ್‌ಸೈಟಿನ ಚಿತ್ರದೊಳಗೆ ಕೈ ಹಾಕುವವರು ಯಾರು? ಅಜ್ಜನ ಕಾಲದಲ್ಲಿ ಮನೆಯೊಡತಿಯ ಕಣ್ಣಿತ್ತು. ಈಗ ಕೊಳ್ಳುವವನು ನಲವತ್ತು ಮೈಲಿ ಆಚೆ ಕೂತಿದ್ದಾನೆ. ಆದುದರಿಂದ ದೂರದಿಂದ ಮಾರುವವನ ಹೊಣೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಇಮಾಮ್ ಅಬೂ ಹನೀಫಾ(ರಹ) ಕೂಫಾ ನಗರದ ಬಟ್ಟೆ ವ್ಯಾಪಾರಿಯಾಗಿದ್ದರೆಂಬುದು ನಿಮಗೆ ತಿಳಿದಿದೆ. ಒಮ್ಮೆ ಅವರು ತಮ್ಮ ಪಾಲುದಾರರಾದ ಹಫ್ಸ್ ಬಿನ್ ಅಬ್ದುರ್ರಹ್ಮಾನ್‌ರಿಗೆ ಸರಕು ಕಳುಹಿಸಿ, ಇಂತಹ ಬಟ್ಟೆಯಲ್ಲಿ ದೋಷವಿದೆ, ಕೊಳ್ಳುವವರಿಗೆ ಹೇಳಿ ಮಾರು ಎಂದು ತಿಳಿಸಿದ್ದರು. ಹಫ್ಸ್ ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದೂ ತಿಳಿಯಲಿಲ್ಲ. ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿಬಿಟ್ಟರೆಂದು ಅವರ ಜೀವನಚರಿತ್ರೆಗಳಲ್ಲಿ ದಾಖಲಾಗಿದೆ. ಅವರ ಮಝ್‌ಹಬ್‌ನಂತೆ ನಮಾಝ್ ಮಾಡುವವರು ನಮ್ಮ ತಾಲೂಕುಗಳಲ್ಲಿ ಬಹಳ ಮಂದಿ. ಅವರಂತೆ ಅಂಗಡಿ ನಡೆಸುವವರು ಎಷ್ಟು?

ಇಂದು ದೇಶದ ಕಾನೂನು ಕೂಡ ಇದೇ ದಿಕ್ಕಿನಲ್ಲಿದೆ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020ರ ಪ್ರಕಾರ ಜಾಹೀರಾತು ಸರಕಿನ ನಿಜವಾದ ಗುಣಕ್ಕೆ ಹೊಂದಿರಬೇಕು. ಸಾಗಾಣಿಕೆಯೂ ಸೇರಿದಂತೆ ಒಟ್ಟು ಬೆಲೆಯನ್ನು ತೋರಿಸಬೇಕು. ಮಾರುವವನು ತಾನೇ ಗ್ರಾಹಕನಂತೆ ನಟಿಸಿ ಪ್ರಶಂಸೆ ಬರೆಯಬಾರದು. ಈ ಕೊನೆಯ ಮಾತನ್ನು ವಿಶೇಷವಾಗಿ ಹೇಳುತ್ತಿದ್ದೇನೆ. ಏಕೆಂದರೆ ಕೆಲವು ಮಿತ್ರರು ನಮ್ಮ ಹುಡುಗನಿಗೆ, ಚಿಕ್ಕಪ್ಪನ ಮಕ್ಕಳಿಂದ ಐದೈದು ನಕ್ಷತ್ರ ಕೊಡಿಸು, ಹಾಸಿಗೆ ಕೊಂಡೆವು ಎಂದು ಬರೆಸು ಎಂದು ಸಲಹೆ ಕೊಟ್ಟಿದ್ದರು. ಇದು ಚಾತುರ್ಯವಲ್ಲ, ಸುಳ್ಳು ಸಾಕ್ಷ್ಯ. ಮಹಾಪಾಪಗಳನ್ನು ಎಣಿಸುವಾಗ ಒರಗಿ ಕುಳಿತಿದ್ದ ಪ್ರವಾದಿವರ್ಯರು(ಸ) ಸುಳ್ಳು ಸಾಕ್ಷ್ಯದ ಮಾತು ಬಂದಾಗ ನೆಟ್ಟಗೆ ಕುಳಿತು ಅದನ್ನು ಮತ್ತೆ ಮತ್ತೆ ಹೇಳಿದರೆಂದು ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಕಾನೂನಿನ ಕಣ್ಣಿಗೆ ಬೀಳದಿರಬಹುದು. ಅಲ್ಲಾಹನ ಕಣ್ಣಿಗೆ?

ಕೇಳುವವನ ಶಿಷ್ಟಾಚಾರ

ಇಷ್ಟು ಹೊತ್ತು ಹೇಳುವವನ ಕುರಿತು ಮಾತಾಯಿತು. ಕೇಳುವವನಿಗೂ ಕರ್ತವ್ಯಗಳಿವೆ. "ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರವೇ ಬರುವುದು. ಬದ್ರ್‌ನಲ್ಲಿ ಮುಸ್ಲಿಮರ ಸೇನೆ ಬೀಡುಬಿಟ್ಟಾಗ ಹ. ಹುಬಾಬ್ ಬಿನ್ ಮುಂದಿರ್(ರ) ಅವರು, ಈ ಜಾಗ ಅಲ್ಲಾಹನ ಆದೇಶದಿಂದ ಆರಿಸಿದ್ದೋ ಅಥವಾ ಅಭಿಪ್ರಾಯವೋ ಎಂದು ವಿಚಾರಿಸಿ, ಅಭಿಪ್ರಾಯವೆಂದು ತಿಳಿದಾಗ, ನೀರಿನ ಬಾವಿಗಳ ಬಳಿಗೆ ಮುಂದುವರಿಯುವುದು ಒಳ್ಳೆಯದೆಂದು ಸೂಚಿಸಿದರು. ಪ್ರವಾದಿವರ್ಯರು(ಸ) ಅದನ್ನು ಒಪ್ಪಿ ಬೀಡನ್ನೇ ಬದಲಿಸಿದರೆಂದು ಇಬ್ನು ಇಸ್‌ಹಾಕ್‌ರ ಚರಿತ್ರೆಯಲ್ಲಿದೆ. ಅಲ್ಲಾಹನ ಸಂದೇಶವಾಹಕರೇ ಸಾಮಾನ್ಯ ಅನುಚರನ ಮಾತಿಗೆ ಬೀಡು ಬದಲಿಸಿದ್ದರೆ, ಒಂದು ಪುಟ ಬದಲಿಸಲು ನಮಗೆ ಅಭಿಮಾನ ಅಡ್ಡ ಬರಬೇಕೇ? ಇಮಾಮ್ ಮಾಲಿಕ್(ರಹ) ತಮ್ಮ 'ಮುವತ್ತಾ' ಗ್ರಂಥವನ್ನು ಮದೀನಾದ ಎಪ್ಪತ್ತು ವಿದ್ವಾಂಸರ ಮುಂದಿಟ್ಟು ಅವರ ಒಪ್ಪಿಗೆ ಪಡೆದರೆಂಬ ವರದಿಯಿದೆ.

ಈ ಇಂಟರ್‌ನೆಟ್ ಪುಟಗಳ ಹುಟ್ಟಿನ ಕತೆಯೂ ಹಾಗೆಯೇ. 1989ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ವರ್ಲ್ಡ್ ವೈಡ್ ವೆಬ್‌ಗೆ ಮೂಲವಾದ ಪ್ರಸ್ತಾವವನ್ನು ತಮ್ಮ ಮೇಲಧಿಕಾರಿಗೆ ಕೊಟ್ಟಾಗ, ಆತ ಅದು ಕುತೂಹಲಕರವಾಗಿದೆ, ಆದರೆ ಅಸ್ಪಷ್ಟವಾಗಿದೆ ಎಂಬರ್ಥದ ಟಿಪ್ಪಣಿಯನ್ನು ಕಾಗದದ ಮೇಲೆಯೇ ಬರೆದರು. ಬರ್ನರ್ಸ್-ಲೀ ಕೈಬಿಡಲಿಲ್ಲ; 1990ರಲ್ಲಿ ಮತ್ತೆ ಸಿದ್ಧಪಡಿಸಿ ಮುಂದಿಟ್ಟರು. ಮೆಚ್ಚುಗೆಯನ್ನೂ ಕೊರತೆಯನ್ನೂ ಎರಡೇ ಮಾತಿನಲ್ಲಿ ಹೇಳಬಲ್ಲವರು ಸಿಕ್ಕರೆ ಅದೊಂದು ಭಾಗ್ಯ.

ನಮ್ಮ ಯುವಕರು ಅಂಗಡಿಗಾಗಿ ಇಂತಹ ಪುಟವನ್ನು ತಾವೇ ಮಾಡಿದಾಗ ಹೀಗೆ ಮಾಡಲಿ. ಹೊಗಳುವವರನ್ನಲ್ಲ, ಕೊಳ್ಳುವವರನ್ನು ಕೇಳಿ. ತಾಯಿಯ ಕೈಗೆ ಫೋನ್ ಕೊಟ್ಟು, "ಅಮ್ಮಾ, ಇದರಲ್ಲಿ ಒಂದು ದಿಂಬಿನ ಬೆಲೆ ಎಷ್ಟೆಂದು ಹುಡುಕು" ಎಂದು ಹೇಳಿ ಸುಮ್ಮನೆ ಪಕ್ಕದಲ್ಲಿ ಕೂಡಿ. ಆಕೆ ಎಲ್ಲಿ ತಡೆದಳು, ಎಲ್ಲಿ ಕಣ್ಣು ಕಿರಿದು ಮಾಡಿದಳು ಎಂಬುದನ್ನು ಗುರುತು ಹಾಕಿಕೊಳ್ಳಿ. ಬಾಯಿ ಹಾಕಿ ದಾರಿ ತೋರಿಸಬೇಡಿ. ಕೊಳ್ಳುವವರ ಪಕ್ಕದಲ್ಲಿ ನೀವು ಇರುವುದಿಲ್ಲವಲ್ಲ! ಅಗ್ಗದ ಫೋನಿನಲ್ಲಿ, ಸಿಗ್ನಲ್ ಸರಿಯಾಗಿ ಸಿಗದ ಹಳ್ಳಿಯಲ್ಲಿ ತೆರೆದು ನೋಡಿ. ಅದರಲ್ಲಿರುವ ಸಂಖ್ಯೆಗೆ ಬೇರೆಯವರಿಂದ ಕರೆ ಮಾಡಿಸಿ. ಅಂಗಡಿ ಎಲ್ಲಿದೆ, ಯಾವ ಹೊತ್ತಿಗೆ ತೆರೆದಿರುತ್ತದೆ, ಒಟ್ಟು ಬೆಲೆ ಎಷ್ಟು, ಸರಿಯಿಲ್ಲದಿದ್ದರೆ ಹಿಂದಕ್ಕೆ ಪಡೆಯುತ್ತೀರಾ ಎಂಬ ನಾಲ್ಕು ಪ್ರಶ್ನೆಗೆ ಪುಟವೇ ಉತ್ತರ ಹೇಳುತ್ತದೆಯೇ ಎಂದು ಪರೀಕ್ಷಿಸಿ. ಯಾರಾದರೂ ತಪ್ಪು ತೋರಿಸಿದರೆ ವಾದಿಸಬೇಡಿ. ಬರೆದುಕೊಳ್ಳಿ, 'ಜಝಾಕಲ್ಲಾಹ್' ಎನ್ನಿ.

ಹೇಳಿದವರು ನಮ್ಮ ಧರ್ಮದವರಲ್ಲವೆಂದು ಮಾತನ್ನು ತಳ್ಳಿಹಾಕಬೇಡಿ. ಕ್ರಿ.ಶ. 622ರ ಹಿಜ್‌ರತ್‌ನ ಅಪಾಯಕರ ಪ್ರಯಾಣದಲ್ಲಿ ಪ್ರವಾದಿವರ್ಯರಿಗೂ(ಸ) ಹ. ಅಬೂಬಕರ್‌(ರ) ಅವರಿಗೂ ದಾರಿ ತೋರಿಸಿದ ಅಬ್ದುಲ್ಲಾ ಬಿನ್ ಉರೈಕಿತ್ ಆಗ ಮುಸ್ಲಿಮನಾಗಿರಲಿಲ್ಲ. ಆತನಿಗೆ ದಾರಿ ತಿಳಿದಿತ್ತು, ಪ್ರಾಮಾಣಿಕನಾಗಿದ್ದ. ಸೊರಬದ ಅಕ್ಕೋರಿಗೂ ಅಕ್ಷರ ತಿಳಿದಿತ್ತು. ಇಪ್ಪತ್ತು ಮುಸ್ಲಿಮರು ಮಾಡಬೇಕಾಗಿದ್ದ ನಸೀಹತ್ತನ್ನು ಆ ಹೆಣ್ಣುಮಗಳು ಒಬ್ಬರೇ ಮಾಡಿದರು.

ಹಾಗೆಂದು ಹೇಳಿದ್ದನ್ನೆಲ್ಲ ಒಪ್ಪಬೇಕಾಗಿಯೂ ಇಲ್ಲ. ಸಮಾಲೋಚಿಸು, ನಿರ್ಧರಿಸಿದ ಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬುದು ಕುರ್‌ಆನಿನ ಕ್ರಮ (3:159). ಒಬ್ಬ ಕೆಂಪು ಬಣ್ಣ ಹಾಕು ಎನ್ನುತ್ತಾನೆ, ಇನ್ನೊಬ್ಬ ಹಸಿರು. ಅದು ರುಚಿಯ ವಿಷಯ, ನಿಮಗೆ ಬಿಟ್ಟದ್ದು. ಆದರೆ ಓದಲು ಬಾರದ ಅಕ್ಷರ, ತನ್ನದಲ್ಲದ ಚಿತ್ರ, ಮುಚ್ಚಿಟ್ಟ ವೆಚ್ಚ ರುಚಿಯ ವಿಷಯಗಳಲ್ಲ.

ನಮ್ಮ ಪುಟ

ಶಿರಾಳಕೊಪ್ಪದ ಹತ್ತಿರ ತಾಳಗುಂದವಿದೆ. ಅಲ್ಲಿ ಐದನೆಯ ಶತಮಾನದ, ಕದಂಬ ಶಾಂತಿವರ್ಮನ ಕಾಲದ ಸ್ತಂಭಶಾಸನ ಇಂದಿಗೂ ನಿಂತಿದೆ. ಕುಬ್ಜನೆಂಬ ಕವಿ ತನ್ನ ಕಾವ್ಯವನ್ನು ತಾನೇ ಆ ಕಲ್ಲಿನ ಮೇಲೆ ಬರೆದನೆಂದು ಶಾಸನವೇ ಹೇಳುತ್ತದೆ. ಕನ್ನಡ ಬಿ.ಎ. ಓದುವಾಗ ಅದನ್ನು ನೋಡಲು ಹೋಗಿದ್ದೆ. ಕಲ್ಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಅಳಿಸುವಂತಿಲ್ಲ. ಎಷ್ಟು ಎಚ್ಚರಿಕೆಯಿಂದ ಬರೆದಿರಬೇಕು! ವೆಬ್‌ಸೈಟಿನ ಪುಟ ಹಾಗಲ್ಲ. ತಪ್ಪು ತಿಳಿದ ರಾತ್ರಿಯೇ ತಿದ್ದಬಹುದು.

ನಮ್ಮ ಕರ್ಮಗಳ ಪುಟವೂ ಸದ್ಯಕ್ಕೆ ಹಾಗೆಯೇ ಇದೆ. ಉಸಿರಿರುವವರೆಗೆ ತೌಬಾದಿಂದ ತಿದ್ದಬಹುದು. ಉಸಿರು ನಿಂತ ಮೇಲೆ ಅದು ಕಲ್ಲಿನ ಶಾಸನ. ಆ ದಿನ ನಿನ್ನ ಗ್ರಂಥವನ್ನು ನೀನೇ ಓದು ಎಂದು ನಮ್ಮ ಕೈಗೆ ಕೊಡಲಾಗುವುದು (17:14). ಅಲ್ ಕಹ್ಫ್ ಅಧ್ಯಾಯದ ಕೊನೆಯ ಭಾಗದಲ್ಲಿಯೇ, ಒಳ್ಳೆಯದನ್ನು ಮಾಡುತ್ತಿದ್ದೇವೆಂದು ಭಾವಿಸಿಕೊಂಡಿದ್ದೂ ಶ್ರಮವೆಲ್ಲ ವ್ಯರ್ಥವಾದವರ ಪ್ರಸ್ತಾಪವಿದೆ (18:103-104). ಅದನ್ನು ಓದುವಾಗಲೆಲ್ಲ ಈಗ ನನಗೆ ಆ ಹಳೆಯ ಕಂಪ್ಯೂಟರ್ ನೆನಪಾಗುತ್ತದೆ. ಹುಡುಗನ ಕಣ್ಣಿಗೆ ಎಲ್ಲವೂ ಸುಂದರವಾಗಿತ್ತು. ನಮ್ಮ ನಮಾಝ್, ನಮ್ಮ ವ್ಯಾಪಾರ, ಹೆಂಡತಿ ಮಕ್ಕಳೊಂದಿಗೆ ನಮ್ಮ ಮಾತು, ನೆರೆಯವರೊಂದಿಗೆ ನಮ್ಮ ವರ್ತನೆ ಎಲ್ಲವೂ ನಮ್ಮ ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ. ಬೇರೆಯವರಿಗೆ ಅದು ಹೇಗೆ ಕಾಣುತ್ತಿದೆ? ಅಂತ್ಯದಿನದಲ್ಲಿ ಹೇಗೆ ಕಾಣಲಿದೆ? ಇದನ್ನು ಹೇಳಬಲ್ಲ ಒಬ್ಬ ಸಂಗಡಿಗನಾದರೂ ನಮಗಿದ್ದಾನೆಯೇ? ಇದ್ದರೆ ಅವನ ಬಾಯಿ ಮುಚ್ಚಿಸಬೇಡಿ. ನನ್ನ ದೋಷಗಳನ್ನು ನನಗೆ ಉಡುಗೊರೆಯಾಗಿ ತಂದುಕೊಡುವವನ ಮೇಲೆ ಅಲ್ಲಾಹನ ಕೃಪೆಯಿರಲಿ ಎಂಬ ಆಶಯದ ಮಾತು ಹ. ಉಮರ್(ರ) ಅವರದೆಂದು ಪ್ರಸಿದ್ಧವಾಗಿದೆ. ಖಲೀಫರಿಗೇ ಆ ಉಡುಗೊರೆ ಬೇಕಿತ್ತು.

ಮರುದಿನ ನಾನು ಶಿಷ್ಯನ ಅಂಗಡಿಗೆ ಹೋಗಿ, ನೋಡದೆ ಹೊಗಳಿದ್ದೆ, ಕ್ಷಮಿಸು ಎಂದು ಕೇಳಿದೆ. "ಬಿಡಿ ಹಝ್ರತ್" ಎಂದು ಅವನು ತಲೆ ತಗ್ಗಿಸಿದ. ಇಬ್ಬರೂ ಕೂತು ಸಾಲು ಸಾಲಾಗಿ ಯೂನಿಕೋಡ್‌ನಲ್ಲಿ ಮತ್ತೆ ಬರೆದೆವು. ಕಾಗುಣಿತವನ್ನು ನಾನು ನೋಡಿದೆ. ಪರದೇಶದ ಚಿತ್ರವನ್ನು ತೆಗೆದು ಅವನ ತಂದೆ ಹಾಸಿಗೆ ಹೊಲಿಯುತ್ತಿರುವ ಚಿತ್ರ ಹಾಕಿದ. ಯಾವ ಹಾಸಿಗೆಯಲ್ಲಿ ಹೊಸ ಹತ್ತಿ, ಯಾವುದರಲ್ಲಿ ಬೂರುಗದ ಹತ್ತಿ, ಯಾವುದರಲ್ಲಿ ಹಳೆಯ ಹತ್ತಿ ಹಿಂಜಿ ಸೇರಿಸಿದೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಬರೆದ. ಸೊರಬಕ್ಕೆ, ಶಿರಾಳಕೊಪ್ಪಕ್ಕೆ ತಲುಪಿಸಲು ಎಷ್ಟಾಗುತ್ತದೆಂದೂ ಬರೆದ. ವ್ಯಾಪಾರ ಹೆಚ್ಚಿತೇ ಎಂದು ನೀವು ಕೇಳಬಹುದು. ಜೀವನಾಧಾರ ಅಲ್ಲಾಹನ ಕೈಯಲ್ಲಿದೆ. ಬಾಣಂತಿಯ ಹಾಸಿಗೆ ಮಾತ್ರ ಸೊರಬಕ್ಕೆ ಹೋಯಿತು. ಅಕ್ಕೋರು ಮೂಲೆಯ ಹೊಲಿಗೆ ಬಿಚ್ಚಿ ಕೈ ಹಾಕಿ ಹತ್ತಿ ನೋಡಿ, ಮತ್ತೆ ತಾವೇ ಹೊಲಿದುಕೊಂಡರಂತೆ.

ಪ್ರಿಯ ಓದುಗರೇ, ಇನ್ನು ಮುಂದೆ ಯಾರಾದರೂ ನಿಮ್ಮ ಮುಂದೆ ತಮ್ಮ ಶ್ರಮವನ್ನಿಟ್ಟು ಅಭಿಪ್ರಾಯ ಕೇಳಿದರೆ ಮೊದಲು ತೆರೆದು ನೋಡಿ. ಆ ಮೇಲೆ 'ಮಾಷಾ ಅಲ್ಲಾಹ್' ಎನ್ನಿ. ನಂತರ ಕಂಡ ಕೊರತೆಯನ್ನು ಅವನೊಬ್ಬನಿಗೇ ಪ್ರೀತಿಯಿಂದ ಹೇಳಿ. ಅದಕ್ಕೆ ಸಮಯವಿಲ್ಲದಿದ್ದರೆ, "ಇನ್ನೂ ನೋಡಿಲ್ಲ, ನಾಳೆ ನೋಡಿ ಹೇಳುತ್ತೇನೆ" ಎಂದು ಸತ್ಯವನ್ನೇ ಹೇಳಿ.

ಅಲ್ಲಾಹನು ನಮ್ಮನ್ನು ಪರಸ್ಪರರಿಗೆ ಸ್ವಚ್ಛವಾದ ಕನ್ನಡಿಗಳನ್ನಾಗಿ ಮಾಡಲಿ. ನಮ್ಮ ವ್ಯಾಪಾರಗಳಲ್ಲಿ ಸತ್ಯವನ್ನೂ, ಸತ್ಯದಲ್ಲಿ ಬರಕತ್ತನ್ನೂ ಕರುಣಿಸಲಿ. ನಮ್ಮ ಪುಟಗಳನ್ನು ತಿದ್ದಿಕೊಳ್ಳುವ ಅವಕಾಶ ಮುಗಿಯುವ ಮೊದಲೇ ತಪ್ಪುಗಳನ್ನು ನಮಗೆ ತೋರಿಸಿಕೊಡಲಿ. ಆಮೀನ್.